ಡಿಕ್ಕಿಯಾದಾಗ ಫೌಲ್ ಯಾರಿಗೆ?

ಪ್ರಶ್ನೆ: ನಾನು ಗೋಣಿಕೊಪ್ಪದ ಹತ್ತಿರದ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಕ. ಹಾಕಿ ಆಡಿ ಬೆಳೆದವನು, ಈಗ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡವನ್ನೂ ನೋಡಿಕೊಳ್ಳುತ್ತಿದ್ದೇನೆ. ಈಚೆಗೆ ಒಂದು ಪಂದ್ಯದಲ್ಲಿ ನಮ್ಮ ಡಿಫೆಂಡರ್ ರಿಂಗಿನ ಹತ್ತಿರ ಅಡ್ಡ ಬಂದು ನಿಂತಳು, ಲೇಅಪ್‌ಗೆ (ರಿಂಗಿನ ಹತ್ತಿರಕ್ಕೆ ಓಡಿ, ಹಾರಿ ಚೆಂಡು ಹಾಕುವುದಕ್ಕೆ) ಬಂದವಳು ಅವಳ ಎದೆಗೇ ಗುದ್ದಿದಳು. ರೆಫರಿ ನಮ್ಮವಳಿಗೆ ಬ್ಲಾಕಿಂಗ್, ಅಂದರೆ ದಾರಿಗೆ ಅಡ್ಡ ಬಂದ ಫೌಲ್ ಕೊಟ್ಟರು. ಸ್ವಲ್ಪ ಹೊತ್ತಿಗೆ ಅಂಕಣದ ನಡುವೆ ನಮ್ಮ ಇನ್ನೊಬ್ಬಳು ಡ್ರಿಬಲ್ ಮಾಡುತ್ತಾ (ಚೆಂಡು ಪುಟಿಸುತ್ತಾ) ಎದುರಾಳಿಗೆ ಡಿಕ್ಕಿ ಹೊಡೆದಳು. ಆ ಎದುರಾಳಿ ನಿಂತಿರಲಿಲ್ಲ, ಹಿಂದಕ್ಕೆ ಸರಿಯುತ್ತಲೇ ಇದ್ದಳು. ಆಗ ಚಾರ್ಜಿಂಗ್, ಅಂದರೆ ನುಗ್ಗಿ ಗುದ್ದಿದಳು ಎಂದು ಫೌಲ್ ನಮ್ಮವಳಿಗೇ ಬಂತು. ನಿಂತವಳಿಗೆ ಫೌಲ್, ಓಡಾಡುತ್ತಿದ್ದವಳಿಗೆ ಇಲ್ಲ, ಇದು ಹೇಗೆ? ಕೈ ತಾಗಿದಾಗಲೂ ಒಮ್ಮೆ ಊದುತ್ತಾರೆ, ಒಮ್ಮೆ ಬಿಡುತ್ತಾರೆ. ರೆಫರಿಗಳು ನೋಡುವುದಾದರೂ ಏನನ್ನು?

ಉತ್ತರ: ಎರಡು ತೀರ್ಪೂ ಸರಿಯಾಗಿರಲು ಸಾಧ್ಯವಿದೆ. ಡಿಫೆಂಡರ್ ನಿಂತಿದ್ದಳೇ, ಚಲಿಸುತ್ತಿದ್ದಳೇ ಎಂದು ನಿಯಮ ಕೇಳುವುದೇ ಇಲ್ಲ. ಡಿಕ್ಕಿಯಾದ ಜಾಗಕ್ಕೆ ಮೊದಲು ಬಂದವರು ಯಾರು, ಬಂದದ್ದು ನ್ಯಾಯವಾದ ರೀತಿಯಲ್ಲೇ ಎಂದು ಕೇಳುತ್ತದೆ. ಗ್ಯಾಲರಿಯಿಂದ ಅತಿ ಹೆಚ್ಚು ಕೇಳಿಬರುವ ಕೂಗು ‘ಅವಳು ನಿಂತಿದ್ದಳು ಸಾರ್’ ಎಂಬುದು. ಅತಿ ಹೆಚ್ಚು ದಾರಿ ತಪ್ಪಿಸುವುದೂ ಅದೇ.

ನಮ್ಮ ಶಾಲಾ ಪಂದ್ಯಗಳು ನಡೆಯುವುದು ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟವಾದ ಫಿಬಾದ ನಿಯಮದಂತೆ. ಮೈತಾಗುವಿಕೆಯ ಮೂಲ ತತ್ವಗಳೆಲ್ಲ ಅದರ 33ನೇ ವಿಧಿಯಲ್ಲಿವೆ. ಅದರ ತಿರುಳು ‘ಲೀಗಲ್ ಗಾರ್ಡಿಂಗ್ ಪೊಸಿಷನ್’, ಅಂದರೆ ತಡೆಯಲು ನ್ಯಾಯವಾಗಿ ಹಿಡಿದ ಸ್ಥಾನ. ಇದಕ್ಕೆ ಬೇಕಾದದ್ದು ಎರಡೇ: ಡಿಫೆಂಡರ್ ಎದುರಾಳಿಗೆ ಮುಖ ಮಾಡಿರಬೇಕು, ಎರಡೂ ಪಾದ ನೆಲಕ್ಕೆ ತಾಗಿರಬೇಕು. ಅರೆಗಳಿಗೆ ಹಾಗಿದ್ದರೂ ಸಾಕು, ಆ ಸ್ಥಾನ ಅವಳದಾಯಿತು. ಹಾಗೆ ಸ್ಥಾನ ಪಡೆಯುವ ಮೊದಲೇ ಮೈ ತಾಗಿಸಿರಬಾರದು, ಅಷ್ಟೆ. ಒಮ್ಮೆ ಸ್ಥಾನ ಸಿಕ್ಕ ಮೇಲೆ ಅವಳು ಅಲ್ಲೇ ಬೇರೂರಿ ನಿಲ್ಲಬೇಕಿಲ್ಲ. ಎಡಕ್ಕೆ, ಬಲಕ್ಕೆ, ಹಿಂದಕ್ಕೆ ಸರಿಯಬಹುದು, ನೇರ ಮೇಲಕ್ಕೆ ಹಾರಬಹುದು. ಸರಿಯುವಾಗ ಒಂದು ಪಾದವೋ ಎರಡೂ ಪಾದವೋ ಕ್ಷಣಕಾಲ ನೆಲ ಬಿಟ್ಟಿದ್ದರೂ ತಪ್ಪಿಲ್ಲ. ಗುದ್ದು ಬೀಳುತ್ತದೆ ಎಂದು ಕಂಡಾಗ ಪೆಟ್ಟು ತಪ್ಪಿಸಿಕೊಳ್ಳಲು ತನ್ನ ಜಾಗದಲ್ಲೇ ಮೈ ತಿರುಗಿಸಿಕೊಳ್ಳಲೂಬಹುದು. ಎದುರಾಳಿಯ ಕಡೆಗೆ ಮುಂದಕ್ಕೆ ನುಗ್ಗಿ ತಾಗಿಸುವಂತಿಲ್ಲ. ಜೊತೆಗೆ ದಾಟಿಹೋಗುತ್ತಿರುವವಳನ್ನು ತಡೆಯಲು ತೋಳು, ಭುಜ, ಸೊಂಟ, ಮೊಣಕಾಲು ಇವುಗಳನ್ನು ಹೊರಚಾಚುವಂತಿಲ್ಲ.

ನಿಮ್ಮ ಎರಡನೆಯ ಪ್ರಸಂಗ ಇಲ್ಲಿಗೇ ಬಗೆಹರಿಯುತ್ತದೆ. ಎದುರಾಳಿ ಮುಖಾಮುಖಿಯಾಗಿ, ಎರಡು ಪಾದ ಊರಿ, ಆಮೇಲೆ ಹಿಂದೆ ಸರಿಯುತ್ತಿದ್ದಳು. ನಿಮ್ಮವಳ ಭುಜ ಅವಳ ಎದೆಗೆ ತಾಗಿತು ಎಂದರೆ ಅದು ಚಾರ್ಜಿಂಗ್. ತಾಗಿದ ಜಾಗ ಎದೆ-ಹೊಟ್ಟೆಯ ಭಾಗವಾಗಿದ್ದರೆ ಡಿಫೆಂಡರ್ ಅಲ್ಲಿಗೆ ಮೊದಲು ಬಂದಿದ್ದಳು ಎಂದೇ ನಿಯಮ ಪರಿಗಣಿಸುತ್ತದೆ. ತಾಗಿದ್ದು ಅವಳ ಪಕ್ಕಕ್ಕೆ ಬಂದ ಸೊಂಟಕ್ಕೋ ಅಡ್ಡ ಇಟ್ಟ ಕಾಲಿಗೋ ಆಗಿದ್ದರೆ ತಡವಾಗಿ ಬಂದಳು ಎಂದು ಅರ್ಥ, ಆಗ ಬ್ಲಾಕಿಂಗ್. ‘ಎಲ್ಲಿ ತಾಗಿತು’ ಎನ್ನುವುದಕ್ಕೆ ರೆಫರಿಗಳು ಇಷ್ಟು ಬೆಲೆ ಕೊಡುವುದು ಇದಕ್ಕೇ. ಪಾದದ ಕೆಲಸ ಕಣ್ಣಿಗೆ ತಪ್ಪಿದರೂ ಡಿಕ್ಕಿ ಬಿದ್ದ ಜಾಗ ಹೆಚ್ಚಾಗಿ ನಿಜ ಹೇಳುತ್ತದೆ.

ಕೋಚ್‌ಗಳನ್ನು ತುಂಬ ಕಾಡುವ ಇನ್ನೊಂದು ಮಾತು ‘ಅಷ್ಟು ಹತ್ತಿರ ಬಂದು ಅಡ್ಡ ನಿಂತರೆ ನಮ್ಮವಳು ನಿಲ್ಲುವುದು ಹೇಗೆ?’ ಚೆಂಡು ಕೈಯಲ್ಲಿರುವವಳಿಗೆ ಈ ತಕರಾರಿನ ಹಕ್ಕಿಲ್ಲ. ಚೆಂಡು ಇದ್ದವಳನ್ನು ತಡೆಯುವಾಗ ಸಮಯ, ಅಂತರ ಎರಡೂ ಲೆಕ್ಕಕ್ಕಿಲ್ಲ. ಯಾವ ಕ್ಷಣದಲ್ಲಾದರೂ ಎದುರಿಗೆ ಒಬ್ಬಳು ಬಂದಾಳು, ಆಗ ನಿಲ್ಲಬೇಕು ಇಲ್ಲವೇ ದಿಕ್ಕು ಬದಲಿಸಬೇಕು ಎಂಬ ಎಚ್ಚರ ಅವಳಿಗೇ ಇರಬೇಕು. ಚೆಂಡು ಇಲ್ಲದವಳ ವಿಷಯ ಬೇರೆ. ಅವಳು ಚೆಂಡಿನ ಕಡೆ ನೋಡುತ್ತಾ ಓಡುತ್ತಿರುತ್ತಾಳೆ. ಅವಳ ದಾರಿಯಲ್ಲಿ ನಿಲ್ಲುವವರು ಅವಳ ವೇಗಕ್ಕೆ ತಕ್ಕಂತೆ ನಿಲ್ಲಲು ಜಾಗ ಬಿಟ್ಟಿರಬೇಕು, ಸಾಮಾನ್ಯವಾಗಿ ಒಂದು ಹೆಜ್ಜೆಗೆ ಕಡಿಮೆಯಿಲ್ಲ.

ಈಗ ನಿಮ್ಮ ಮೊದಲ ಪ್ರಸಂಗ. ಎದೆಗೆ ಗುದ್ದಿದ್ದರೂ ಬ್ಲಾಕಿಂಗ್ ಏಕೆ? ಎರಡು ಕಾರಣ ಇರಬಹುದು.

ಮೊದಲನೆಯದು ಗಾಳಿಯಲ್ಲಿರುವ ಆಟಗಾರ್ತಿಯ ಹಕ್ಕು. ಒಂದು ಜಾಗದಿಂದ ಮೇಲೆ ಹಾರಿದವಳಿಗೆ ಅಲ್ಲೇ ಇಳಿಯುವ ಹಕ್ಕಿದೆ. ಬೇರೆ ಕಡೆ ಇಳಿಯುವುದಾದರೆ, ಅವಳು ನೆಲ ಬಿಟ್ಟ ಗಳಿಗೆಯಲ್ಲಿ ಆ ಜಾಗವೂ ಅಲ್ಲಿಗೆ ಹೋಗುವ ನೇರ ದಾರಿಯೂ ಖಾಲಿಯಿದ್ದರೆ ಅದು ಅವಳದು. ಹಾರಿದ ಮೇಲೆ ಆ ದಾರಿಗೆ ಬರುವ ಹಕ್ಕು ಯಾರಿಗೂ ಇಲ್ಲ. ನಿಮ್ಮ ಡಿಫೆಂಡರ್ ಎಷ್ಟೇ ಚೆನ್ನಾಗಿ ಎರಡು ಪಾದ ಊರಿ, ಎದೆ ಕೊಟ್ಟು ನಿಂತಿದ್ದರೂ, ಆ ಪಾದ ಊರಿದ್ದು ಎದುರಾಳಿಯ ಕೊನೆಯ ಪಾದ ನೆಲ ಬಿಟ್ಟ ಮೇಲೆ ಆಗಿದ್ದರೆ ಬ್ಲಾಕಿಂಗ್. ಡಿಕ್ಕಿಯ ಹೊತ್ತಿಗೆ ಅವಳು ನಿಂತೇ ಇದ್ದಳು ಎಂದು ನಿಮಗೆ ಕಂಡದ್ದು ಸುಳ್ಳಲ್ಲ. ಆದರೆ ಲೆಕ್ಕಕ್ಕೆ ಬರುವ ಗಳಿಗೆ ಡಿಕ್ಕಿಯದಲ್ಲ, ಎದುರಾಳಿ ನೆಲ ಬಿಟ್ಟದ್ದು. ಈ ಎರಡರ ನಡುವೆ ಸೆಕೆಂಡಿನ ಒಂದು ತುಣುಕು ಮಾತ್ರ ಇರುತ್ತದೆ, ಇಡೀ ತೀರ್ಪು ಆ ತುಣುಕಿನಲ್ಲಿದೆ. ಹಾರಿದವಳ ಕಾಲಡಿಗೆ ನುಗ್ಗಿ ತಾಗಿಸುವುದು ಇನ್ನೂ ಗಂಭೀರ. ಅದು ಸಾಮಾನ್ಯವಾಗಿ ಅನ್‌ಸ್ಪೋರ್ಟ್ಸ್‌ಮನ್‌ಲೈಕ್ (ಕ್ರೀಡಾ ಮನೋಭಾವಕ್ಕೆ ಒಪ್ಪದ) ಫೌಲ್, ಕೆಲವು ಸಂದರ್ಭದಲ್ಲಿ ಪಂದ್ಯದಿಂದಲೇ ಹೊರಗೆ. ಹುಡುಗಿಯರ ಕಣಕಾಲು, ಮಂಡಿ ಹಾಳಾಗುವುದು ಇಂಥ ಕಡೆಯೇ. ಇದರಲ್ಲಿ ಯಾವ ರೆಫರಿಯೂ ಮೆತ್ತಗಾಗಬಾರದು.

ಎರಡನೆಯದು ರಿಂಗಿನ ಕೆಳಗಿನ ಅರ್ಧವೃತ್ತ. ರಿಂಗಿನ ನಡುಬಿಂದುವಿನ ನೇರ ಕೆಳಗಿನಿಂದ 1.25 ಮೀಟರ್ ತ್ರಿಜ್ಯದ ಈ ಗೆರೆಯನ್ನು ಫಿಬಾ 2010ರಿಂದ ತಂದಿತು. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ ಅದು 4 ಅಡಿ. ದಾಳಿಯವಳು ಚೆಂಡಿನೊಂದಿಗೆ ಗಾಳಿಯಲ್ಲಿದ್ದು ಶಾಟ್ ಹೊಡೆಯುತ್ತಿದ್ದರೆ ಅಥವಾ ಪಾಸ್ ಕೊಡುತ್ತಿದ್ದರೆ, ಡಿಫೆಂಡರ್‌ನ ಒಂದೇ ಒಂದು ಪಾದ ಈ ಅರ್ಧವೃತ್ತಕ್ಕೆ ತಾಗಿದ್ದರೂ ಚಾರ್ಜಿಂಗ್ ಕೊಡುವಂತಿಲ್ಲ. ಗೆರೆಯೂ ಒಳಗಿನದೇ ಲೆಕ್ಕ. ಹಾಗೆಂದು ಒಳಗೆ ನಿಂತ ಡಿಫೆಂಡರ್‌ಗೆ ತಾನಾಗಿಯೇ ಬ್ಲಾಕಿಂಗ್ ಬೀಳುವುದಿಲ್ಲ. ಅವಳು ನ್ಯಾಯವಾಗಿ ನಿಂತಿದ್ದರೆ ಅಥವಾ ಕೈ ಮೇಲೆತ್ತಿ ನೇರ ಹಾರಿದ್ದರೆ ಊದದೆ ಆಟ ಮುಂದುವರಿಸಬೇಕು. ದಾಳಿಯವಳು ಕೈಯಿಂದ ನೂಕಿದರೆ, ಮೊಣಕಾಲು ಎತ್ತಿ ತಾಗಿಸಿದರೆ ಅರ್ಧವೃತ್ತದ ಒಳಗೂ ಫೌಲ್ ಅವಳಿಗೇ.

ನೇರ ಹಾರುವುದು ಎಂದೆನಲ್ಲ, ಅದರ ಹಿಂದೆ ಸಿಲಿಂಡರ್ ತತ್ವ ಇದೆ. ಪ್ರತಿ ಆಟಗಾರ್ತಿಯ ಸುತ್ತ ನೆಲದಿಂದ ಮೇಲಕ್ಕೆ ಒಂದು ಕಾಣದ ಕೊಳವೆ ನಿಂತಿದೆ ಎಂದುಕೊಳ್ಳಿ. ಡಿಫೆಂಡರ್‌ಗೆ ಮುಂದುಗಡೆ ಮಡಚಿದ ತೋಳಿನ ಅಂಗೈವರೆಗೆ, ಹಿಂದುಗಡೆ ಪೃಷ್ಠದವರೆಗೆ, ಪಕ್ಕಕ್ಕೆ ತೋಳು-ಕಾಲುಗಳ ಹೊರ ಅಂಚಿನವರೆಗೆ. ಮುಂದೆ ಚಾಚಿದ ಕೈ ಪಾದ-ಮೊಣಕಾಲುಗಳ ಗೆರೆ ಮೀರಬಾರದು. ಆ ಕೊಳವೆಯೊಳಗೆ ಎಷ್ಟು ಎತ್ತರಕ್ಕೆ ಹಾರಿದರೂ, ಕೈ ಎಷ್ಟು ಮೇಲೆತ್ತಿದರೂ ಅದು ಅವಳ ಆಸ್ತಿ. ಶಾಟ್ ಹೊಡೆಯುವವಳು ಆ ಎದೆಗೆ ಬಂದು ಬಡಿದು ಬಿದ್ದರೆ ಡಿಫೆಂಡರ್‌ದು ತಪ್ಪಲ್ಲ. ಎತ್ತಿದ ಕೈ ಮುಂದಕ್ಕೆ ಬಾಗಿ ಶೂಟರ್‌ನ ತೋಳಿನ ಮೇಲೆ ಇಳಿದರೆ ಮಾತ್ರ ತಪ್ಪು. ಕೈ ನೆಟ್ಟಗಿತ್ತು ಎಂದು ಡಿಫೆಂಡರ್‌ಗೆ ಪ್ರಾಮಾಣಿಕವಾಗಿ ಅನ್ನಿಸಿರುತ್ತದೆ, ಹಾರುವಾಗ ಮೈ ಒಂದಷ್ಟು ಮುಂದಕ್ಕೆ ತೇಲಿದ್ದು ಅವಳಿಗೆ ತಿಳಿದಿರುವುದಿಲ್ಲ. ಪಕ್ಕದಿಂದ ನೋಡುವ ರೆಫರಿಗೆ ಅದು ಸ್ಪಷ್ಟ. ಚೆಂಡು ಹಿಡಿದವಳಿಗೂ ಇಂಥದೇ ಕೊಳವೆ ಇದೆ. ಅವಳು ಅದರೊಳಗೆ ಚೆಂಡನ್ನು ತಿರುಗಿಸಲು, ಪಾಸ್ ಕೊಡಲು, ಪಿವೋಟ್ ಮಾಡಲು (ಒಂದು ಪಾದ ಊರಿ ತಿರುಗಲು) ಡಿಫೆಂಡರ್ ಜಾಗ ಬಿಡಬೇಕು. ಮೈಗೆ ಮೈ ಅಂಟಿಸಿ ನಿಂತು, ಮೊಣಕೈ ತಾಗಿದೊಡನೆ ‘ಸಾರ್’ ಎಂದರೆ ನಡೆಯುವುದಿಲ್ಲ.

ಕೈಯ ವಿಷಯಕ್ಕೆ ಬರೋಣ. ಕೈ ತಾಗುವುದೇ ಫೌಲ್ ಅಲ್ಲ ಎಂದು ನಿಯಮವೇ ಹೇಳುತ್ತದೆ. ತಾಗಿದ್ದರಿಂದ ಯಾರಿಗಾದರೂ ಅನ್ಯಾಯದ ಲಾಭ ಆಯಿತೇ, ಎದುರಾಳಿಯ ಓಟಕ್ಕೆ ತಡೆಯಾಯಿತೇ ಎಂದು ರೆಫರಿ ತೂಗಬೇಕು. ಡ್ರಿಬಲ್ ಮಾಡುವವಳ ಸೊಂಟಕ್ಕೆ ಬೆರಳು ಒಮ್ಮೆ ಸವರಿತು, ಅವಳು ಅದೇ ವೇಗದಲ್ಲಿ ದಾಟಿಹೋದಳು ಎಂದರೆ ಊದಬಾರದು. ಊದಿದರೆ ಅವಳಿಗೇ ನಷ್ಟ, ತೆರೆದ ಲೇಅಪ್ ಹೋಗಿ ಸೈಡ್‌ಲೈನ್ ಥ್ರೋ-ಇನ್ (ಗೆರೆಯಾಚೆಯಿಂದ ಚೆಂಡೆಸೆತ) ಸಿಗುತ್ತದೆ. ಅದೇ ಕೈ ಸೊಂಟದ ಮೇಲೆ ಅಂಟಿಯೇ ಉಳಿಯಿತು, ಅಥವಾ ಒಂದಾದ ಮೇಲೊಂದು ತಟ್ಟುತ್ತಲೇ ಇತ್ತು ಎಂದರೆ ಫೌಲ್, ಏಕೆಂದರೆ ಅದು ಒರಟು ಆಟಕ್ಕೆ ದಾರಿ ಮಾಡುತ್ತದೆ. ಒಳ್ಳೆಯ ರೆಫರಿಗಳು ಇದನ್ನು ಡ್ರಿಬಲ್ ಮಾಡುವವಳ ಮೈಯಲ್ಲಿ ಓದುತ್ತಾರೆ: ಲಯ ತಪ್ಪಿತೇ, ವೇಗ ಕುಂದಿತೇ, ಹೋಗಬೇಕಿದ್ದ ದಿಕ್ಕು ಬದಲಾಯಿತೇ, ಚೆಂಡಿನ ಮೇಲಿನ ಹಿಡಿತ ಸಡಿಲವಾಯಿತೇ? ಇವುಗಳಲ್ಲಿ ಒಂದಾದರೂ ಆಗಿದ್ದರೆ ಊದಬೇಕು. ಒಂದೂ ಆಗದಿದ್ದರೆ ಬಿಡಬೇಕು. ನಿಮಗೆ ‘ಒಮ್ಮೆ ಊದುತ್ತಾರೆ, ಒಮ್ಮೆ ಬಿಡುತ್ತಾರೆ’ ಎಂದು ಕಾಣುವುದರಲ್ಲಿ ಬಹುಪಾಲು ಇದೇ. ಮೊದಲ ಕ್ವಾರ್ಟರ್‌ನಲ್ಲಿ ಬಿಟ್ಟದ್ದನ್ನು ನಾಲ್ಕನೆಯದರಲ್ಲಿ ಊದಿದರೆ ಮಾತ್ರ ನಿಮ್ಮ ದೂರು ನ್ಯಾಯವಾದದ್ದು. ಅಳತೆಗೋಲು ನಾಲ್ಕು ಕ್ವಾರ್ಟರ್‌ಗೂ, ಎರಡು ತಂಡಕ್ಕೂ ಒಂದೇ ಇರಬೇಕು. ಇನ್ನು ಡ್ರಿಬಲ್ ಮಾಡುವವಳು ಖಾಲಿ ಕೈಯನ್ನು ಚಾಚಿ ಡಿಫೆಂಡರನ್ನು ದೂಡಿದರೆ, ತೋಳನ್ನು ಕೊಕ್ಕೆಯಂತೆ ಸುತ್ತಿ ದಾಟಿದರೆ ಅದು ಅವಳ ಫೌಲ್. ನಮ್ಮ ಶಾಲಾ ಪಂದ್ಯಗಳಲ್ಲಿ ಅತಿ ಹೆಚ್ಚು ತಪ್ಪಿಹೋಗುವುದು ಇದೇ, ಏಕೆಂದರೆ ಎಲ್ಲರ ಕಣ್ಣೂ ಚೆಂಡಿರುವ ಕೈಯ ಮೇಲಿರುತ್ತದೆ.

ನೀವು ಹಾಕಿಯಿಂದ ಬಂದವರಾದ್ದರಿಂದ ಒಂದು ಮಾತು. 1997ರಲ್ಲಿ ಕರಡದಲ್ಲಿ ಶುರುವಾದ ಕೌಟುಂಬಿಕ ಹಾಕಿ ಹಬ್ಬವನ್ನು ನೋಡುತ್ತಾ ಬೆಳೆದ ಕೊಡಗಿನ ಮಕ್ಕಳಿಗೆ ಅಬ್‌ಸ್ಟ್ರಕ್ಷನ್ ಎಂದರೇನೆಂದು ಹೇಳಿಕೊಡಬೇಕಿಲ್ಲ. ಚೆಂಡಿಗೂ ಎದುರಾಳಿಗೂ ನಡುವೆ ಮೈಯನ್ನೋ ಸ್ಟಿಕ್ಕನ್ನೋ ಅಡ್ಡ ತಂದು ನ್ಯಾಯವಾದ ಟ್ಯಾಕಲ್ ತಪ್ಪಿಸಿದರೆ ಹಾಕಿಯಲ್ಲಿ ತಪ್ಪು, ಹಿಂದಕ್ಕೆ ಒತ್ತುತ್ತಾ ಬರುವುದೂ ತಪ್ಪು. ಬ್ಯಾಸ್ಕೆಟ್‌ಬಾಲ್‌ನಲ್ಲಿ ಬೆನ್ನು ಕೊಟ್ಟು ಚೆಂಡನ್ನು ಮೈಯಿಂದ ಮರೆಮಾಡಿ ಡ್ರಿಬಲ್ ಮಾಡುವುದು ಪೂರ್ತಿ ನ್ಯಾಯ. ಆದ್ದರಿಂದಲೇ ಹಾಕಿಯಿಂದ ಬಂದ ಹುಡುಗಿಯರು ಎದುರಾಳಿ ಬೆನ್ನು ತಿರುಗಿಸಿದೊಡನೆ ಫೌಲ್ ಬರುತ್ತದೆಂದು ಕಾದು ನಿಲ್ಲುತ್ತಾರೆ, ಇಲ್ಲವೇ ಅವಳ ಸುತ್ತ ಕೈ ಹಾಕಿ ತಾವೇ ಫೌಲ್ ಮಾಡುತ್ತಾರೆ. ಬೆನ್ನಿನಿಂದ ಅಥವಾ ಸೊಂಟದಿಂದ ಗುದ್ದಿ, ನ್ಯಾಯವಾಗಿ ನಿಂತವಳನ್ನು ಜಾಗದಿಂದ ಕದಲಿಸಿದರೆ ಮಾತ್ರ ಅದು ದಾಳಿಯವಳ ತಪ್ಪು. ಈ ಒಂದು ವ್ಯತ್ಯಾಸವನ್ನು ಅಭ್ಯಾಸದಲ್ಲಿ ಮೊದಲೇ ಬಿಡಿಸಿ ಹೇಳಿ.

ರೆಫರಿ ನೋಡುವುದು ಏನನ್ನು ಎಂಬ ನಿಮ್ಮ ಪ್ರಶ್ನೆಗೆ ಒಂದೇ ಪದದ ಉತ್ತರ: ಡಿಫೆಂಡರನ್ನು. ದಾಳಿ ಶುರುವಾದೊಡನೆ ಕಣ್ಣು ಚೆಂಡನ್ನು ಬಿಟ್ಟು ಡಿಫೆಂಡರ್‌ನ ಪಾದ, ಸೊಂಟ, ಎದೆಯ ಕಡೆ ಹೋಗಬೇಕು. ಡಿಕ್ಕಿಯ ಶಬ್ದ ಕೇಳಿ ಆಮೇಲೆ ನೋಡಿದವರು ಊಹಿಸಿ ಊದುತ್ತಾರೆ. ತಪ್ಪು ತೀರ್ಪುಗಳಲ್ಲಿ ಹೆಚ್ಚಿನವು ಹುಟ್ಟುವುದು ನಿಯಮ ಗೊತ್ತಿಲ್ಲದೆ ಅಲ್ಲ, ಶುರುವನ್ನು ನೋಡದೆ ಕೊನೆಯನ್ನು ಮಾತ್ರ ನೋಡಿದ್ದರಿಂದ. ಎರಡನೆಯ ಕಾರಣ ನಿಲ್ಲುವ ಕೋನ. ಇಬ್ಬರ ಮೈಗಳ ನಡುವಿನ ಸಂದು ಕಾಣುವ ಕಡೆ ರೆಫರಿ ನಿಂತಿರಬೇಕು. ಒಬ್ಬಳ ಬೆನ್ನ ಹಿಂದೆ ನೇರ ಗೆರೆಯಲ್ಲಿ ಸಿಕ್ಕಿಕೊಂಡರೆ ಬೆನ್ನು ಮಾತ್ರ ಕಾಣುತ್ತದೆ, ನೂಕಿದ್ದು ಕಾಣುವುದಿಲ್ಲ. ಒಂದೇ ಹೆಜ್ಜೆ ಪಕ್ಕಕ್ಕೆ ಇಟ್ಟರೆ ಸಂದು ತೆರೆದುಕೊಳ್ಳುತ್ತದೆ. ತೀರಾ ಹತ್ತಿರ ಹೋಗುವುದೂ ಕೆಟ್ಟದ್ದು, ನೋಟ ಕಿರಿದಾಗುತ್ತದೆ. ಓಡುತ್ತಾ ನೋಡುವುದಕ್ಕಿಂತ ನಿಂತು ನೋಡಿದ ಕಣ್ಣು ನಂಬಿಕೆಗೆ ಅರ್ಹ.

ಇಬ್ಬರು ರೆಫರಿಗಳಿದ್ದರೆ ಒಬ್ಬರು ಎಂಡ್‌ಲೈನ್ (ರಿಂಗಿನ ಹಿಂದಿನ ಗಡಿಗೆರೆ) ಹೊರಗೆ ‘ಲೀಡ್’ ಆಗಿ, ಇನ್ನೊಬ್ಬರು ಆಟದ ಹಿಂದೆ ‘ಟ್ರೇಲ್’ ಆಗಿ ಇರುತ್ತಾರೆ. ಲೀಡ್‌ಗೆ ಎಂಡ್‌ಲೈನ್‌ನಿಂದ ಒಂದೆರಡು ಹೆಜ್ಜೆ ಹಿಂದೆ ಸರಿಯಲು ಜಾಗ ಬೇಕು. ಅಂಕಣದ ಸುತ್ತ ಕನಿಷ್ಠ 2 ಮೀಟರ್ ಅಡೆತಡೆ ಇರಬಾರದು ಎಂದು ನಿಯಮ ಹೇಳುವುದರಲ್ಲಿ ಆಟಗಾರರ ಸುರಕ್ಷತೆ ಇದೆ, ರೆಫರಿಯ ನೋಟಕ್ಕೂ ಅದು ಬೇಕು. ನಮ್ಮಲ್ಲಿ ಎಷ್ಟೋ ಶಾಲೆಗಳ ಅಂಕಣ ಗುಡ್ಡ ಕಡಿದು ಮಾಡಿದ್ದು, ಒಂದು ತುದಿಯಲ್ಲಿ ಕಡಿದ ಮಣ್ಣಿನ ಬರೆ, ಇನ್ನೊಂದು ತುದಿಯಲ್ಲಿ ತಡೆಗೋಡೆ. ಅಂಥ ಕಡೆ ಲೀಡ್ ಗೋಡೆಗೆ ಅಂಟಿ ನಿಂತು ರಿಂಗಿನ ಕೆಳಗೇ ಸಿಕ್ಕಿಕೊಳ್ಳುತ್ತಾರೆ, ಆಗ ಪಾದಗಳು ಕಾಣುವುದಿಲ್ಲ. ಅವರು ಎಂಡ್‌ಲೈನ್ ಉದ್ದಕ್ಕೆ ಮೂಲೆಯ ಕಡೆ ಸರಿದು ಓರೆಯಾಗಿ ನೋಡುವುದು ಲೇಸು. ಇಬ್ಬರೂ ಒಟ್ಟಿಗೆ ಊದಿದಾಗ ಮುಷ್ಟಿ ಎತ್ತಿ ನಿಂತು, ಕಣ್ಣಲ್ಲಿ ಕಣ್ಣಿಟ್ಟು, ಯಾರ ವಲಯದ್ದೋ ಅವರೇ ಮುಂದಿನ ಸನ್ನೆ ಮಾಡಬೇಕು. ಒಬ್ಬರು ಬ್ಲಾಕಿಂಗ್, ಇನ್ನೊಬ್ಬರು ಚಾರ್ಜಿಂಗ್ ತೋರಿಸಿಬಿಟ್ಟರೆ ಪಂದ್ಯದ ನಂಬಿಕೆಯೇ ಅಲುಗಾಡುತ್ತದೆ. ಆಗ ಇಬ್ಬರೂ ಸೇರಿ ಮಾತಾಡಬೇಕು, ಒಮ್ಮತ ಬಾರದಿದ್ದರೆ ಕ್ರ್ಯೂ ಚೀಫ್, ಅಂದರೆ ಮುಖ್ಯ ರೆಫರಿಯ ಮಾತೇ ಕೊನೆ.

ಸನ್ನೆಯನ್ನು ಓದಲು ಕಲಿತರೆ ಕಾರಣವೂ ತಿಳಿಯುತ್ತದೆ. ಎರಡೂ ಕೈ ಸೊಂಟದ ಮೇಲಿಟ್ಟರೆ ಬ್ಲಾಕಿಂಗ್, ಬಿಗಿ ಮುಷ್ಟಿಯಿಂದ ಅಂಗೈಗೆ ಹೊಡೆದರೆ ಚೆಂಡು ಹಿಡಿದವಳ ಚಾರ್ಜಿಂಗ್, ಮಣಿಕಟ್ಟಿಗೆ ಹೊಡೆದು ತೋರಿಸಿದರೆ ಕೈಯ ತಪ್ಪು ಬಳಕೆ. ಚೆಂಡು ಹಿಡಿದವಳ ಚಾರ್ಜಿಂಗ್‌ಗೆ ಫ್ರೀ ಥ್ರೋ ಇಲ್ಲ, ಚೆಂಡು ಎದುರಾಳಿಗೆ. ಬ್ಲಾಕಿಂಗ್ ಶಾಟ್ ಹೊಡೆಯುವಾಗ ಆಗಿದ್ದರೆ ಫ್ರೀ ಥ್ರೋ. ಇಲ್ಲದಿದ್ದರೆ ಆ ಕ್ವಾರ್ಟರ್‌ನಲ್ಲಿ ತಂಡದ ನಾಲ್ಕು ಫೌಲ್ ಮುಗಿದ ಮೇಲೆ, ಐದನೆಯದರಿಂದ ಎರಡು ಫ್ರೀ ಥ್ರೋ. ಚೆಂಡು ಶೂಟರ್‌ನ ಕೈ ಬಿಟ್ಟ ಮೇಲೆ ಅವಳು ಡಿಫೆಂಡರ್‌ಗೆ ಡಿಕ್ಕಿ ಹೊಡೆದರೆ ಚಾರ್ಜಿಂಗ್ ಹೌದು, ಆದರೆ ಚೆಂಡು ರಿಂಗಿನೊಳಗೆ ಬಿದ್ದರೆ ಫಿಬಾ ನಿಯಮದಲ್ಲಿ ಬ್ಯಾಸ್ಕೆಟ್ ಲೆಕ್ಕಕ್ಕಿದೆ. ಇದು ಗೊತ್ತಿಲ್ಲದೆ ಸ್ಕೋರ್ ಬರೆಯುವವರ ಟೇಬಲ್ ಮುಂದೆ ಗಲಾಟೆಯಾಗುವುದುಂಟು.

ಬಿದ್ದದ್ದಕ್ಕೆ ಬೆಲೆಯಿಲ್ಲ ಎಂಬುದನ್ನು ಹುಡುಗಿಯರಿಗೆ ಖಂಡಿತ ಹೇಳಿ. ಯಾರು ಬಿದ್ದರು, ಎಷ್ಟು ಜೋರಾಗಿ ಬಿದ್ದರು ಎಂಬುದರಿಂದ ಫೌಲ್ ತೀರ್ಮಾನವಾಗುವುದಿಲ್ಲ. ತಾಗದಿದ್ದರೂ ತಾಗಿದಂತೆ ನಟಿಸಿ ಬಿದ್ದರೆ ಮೊದಲು ಎಚ್ಚರಿಕೆ, ಮತ್ತೆ ಮಾಡಿದರೆ ಟೆಕ್ನಿಕಲ್ ಫೌಲ್ (ಮೈತಾಗುವಿಕೆಗಲ್ಲ, ನಡತೆಗೆ ಕೊಡುವ ಫೌಲ್), ಎದುರಾಳಿಗೆ ಒಂದು ಫ್ರೀ ಥ್ರೋ. ಬೇಕೆಂದು ಮಾಡಲಿಲ್ಲ ಎಂಬುದೂ ಸಾಮಾನ್ಯ ಫೌಲ್‌ಗೆ ನೆಪವಾಗುವುದಿಲ್ಲ. ಮುಂಗಾರಿನಲ್ಲಿ ಪಾಚಿ ಕಟ್ಟಿದ ಕಾಂಕ್ರೀಟ್ ಮೇಲೆ ಡಿಫೆಂಡರ್ ಜಾರಿ, ಅವಳ ಕಾಲು ಅಡ್ಡ ಹೋಗಿ ಎದುರಾಳಿ ಎಡವಿದರೂ ಬ್ಲಾಕಿಂಗೇ. ಅಂಥ ಅಂಕಣದಲ್ಲಿ ಲೇಅಪ್ ಇರುವ ಆಟ ಆಡಿಸುವುದೇ ತಪ್ಪು, ಬ್ರಷ್ ಹಾಕಿ ಉಜ್ಜಿಸಿ, ಒಣಗಿದ ಮೇಲೆಯೇ ಮಕ್ಕಳನ್ನು ಇಳಿಸಿ.

ಅಭ್ಯಾಸಕ್ಕೆ ಒಂದು ದಾರಿ. ಮೊಬೈಲನ್ನು ರಿಂಗಿನ ಪಕ್ಕಕ್ಕೆ, ಎಂಡ್‌ಲೈನ್ ಮೂಲೆಯಲ್ಲಿ, ಸೊಂಟದ ಎತ್ತರಕ್ಕೆ ಇಟ್ಟು ಸ್ಲೋ ಮೋಷನ್‌ನಲ್ಲಿ ಚಿತ್ರೀಕರಿಸಿ. ಒಬ್ಬಳು ಮೂರು ಪಾಯಿಂಟ್ ಗೆರೆಯಿಂದ ಡ್ರಿಬಲ್ ಮಾಡುತ್ತಾ ಬರಲಿ, ಇನ್ನೊಬ್ಬಳು ಎದುರು ಬದಿಯಿಂದ ಸಹಾಯಕ್ಕೆ ಓಡಿ ಬಂದು ಸ್ಥಾನ ಹಿಡಿಯಲಿ. ಡಿಕ್ಕಿ ಬೇಡ, ಮೊದಮೊದಲು ಅರ್ಧ ವೇಗ ಸಾಕು. ಆಮೇಲೆ ದಾಳಿಯವಳ ಕೊನೆಯ ಪಾದ ನೆಲ ಬಿಡುವ ಚಿತ್ರದಲ್ಲಿ ವಿಡಿಯೊ ನಿಲ್ಲಿಸಿ, ಡಿಫೆಂಡರ್‌ನ ಎರಡೂ ಪಾದ, ಎದೆ ಎಲ್ಲಿವೆ ನೋಡಿ. ಹೊಸ ಡಿಫೆಂಡರ್‌ಗಳು ಸಾಮಾನ್ಯವಾಗಿ ಒಂದು ಪಾದದಷ್ಟು ತಡವಾಗಿರುತ್ತಾರೆ. ಅವರು ಓಡುವುದು ನಿಧಾನವಾಗಿ ಅಲ್ಲ, ಹೊರಡುವುದು ತಡವಾಗಿ. ದಾಳಿಯವಳು ಮೊದಲ ಡ್ರಿಬಲ್ ಹಾಕಿದಾಗಲೇ ಹೊರಟರೆ ಚಾರ್ಜಿಂಗ್ ಸಿಗುತ್ತದೆ, ಚೆಂಡನ್ನು ಎರಡು ಕೈಗೆ ತಂದಾಗ ಹೊರಟರೆ ಹೆಚ್ಚಿನ ಸಲ ಬ್ಲಾಕಿಂಗ್. ಅಷ್ಟು ತಡವಾಗಿದೆ ಎನಿಸಿದಾಗ ಅಡ್ಡ ನಿಲ್ಲುವ ಆಸೆ ಬಿಟ್ಟು, ಶೂಟರ್‌ನ ದಾರಿಯಿಂದ ಹೊರಗೆ, ತಾನಿರುವ ಕಡೆಯೇ ಕೈ ಎತ್ತಿ ನೇರ ಹಾರುವುದನ್ನು ಕಲಿಸಿ.

ಪಂದ್ಯದಲ್ಲಿ ಕೇಳುವುದಿದ್ದರೆ ನಿಮ್ಮ ಕ್ಯಾಪ್ಟನ್ ಮೂಲಕ, ಚೆಂಡು ಡೆಡ್ ಆಗಿ ಗಡಿಯಾರ ನಿಂತಾಗ, ಮರ್ಯಾದೆಯಿಂದ ಕೇಳಿಸಿ. ‘ಸಾರ್, ಅವಳು ಹಾರಿದ ಮೇಲೆ ನಮ್ಮವಳು ಬಂದಳೇ, ಅಥವಾ ಅರ್ಧವೃತ್ತದಲ್ಲಿ ಇದ್ದಳೇ?’ ಎಂಬ ಪ್ರಶ್ನೆಗೆ ಉತ್ತರ ಸಿಗುತ್ತದೆ, ‘ಅದು ಹೇಗೆ ಫೌಲ್?’ ಎಂಬುದಕ್ಕೆ ಸಿಗುವುದಿಲ್ಲ. ಬ್ಲಾಕಿಂಗೋ ಚಾರ್ಜಿಂಗೋ ಎಂಬ ನಿರ್ಣಯದ ಮೇಲೆ ಪ್ರೊಟೆಸ್ಟ್ ಹಾಕಲು ಅವಕಾಶವಿಲ್ಲ.

ಕೊನೆಗೆ, ನಿಮ್ಮ ಶಾಲೆಯ ಅಂಕಣದಲ್ಲಿ ಅರ್ಧವೃತ್ತ ಇದೆಯೇ ನೋಡಿ. ಹಳೆಯ ಅಂಕಣಗಳಲ್ಲಿ ಇಲ್ಲದಿದ್ದರೆ ಮಕ್ಕಳು ಅದನ್ನು ಪಂದ್ಯದ ದಿನವೇ ಮೊದಲು ಕಾಣುತ್ತಾರೆ. ಗೆರೆಯಿಲ್ಲದ ಕಡೆ ಪಂದ್ಯವಾದರೆ ಆ ನಿಯಮ ಹೇಗೆ ನಡೆಸುತ್ತಾರೆಂದು ರೆಫರಿಗಳು ಎರಡೂ ತಂಡಕ್ಕೆ ಮೊದಲೇ ಹೇಳಬೇಕು. ಬಣ್ಣ ಹಚ್ಚುವುದು ಕಷ್ಟವೇನಲ್ಲ. ರಿಂಗಿನ ನಡುವಿನಿಂದ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ನೆಲದಲ್ಲಿ ಬಿಂದು ಗುರುತಿಸಿ. ಆ ಬಿಂದು ಎಂಡ್‌ಲೈನ್‌ನ ಒಳ ಅಂಚಿನಿಂದ 1.575 ಮೀಟರ್ ಇರಬೇಕು. ಇಲ್ಲದಿದ್ದರೆ ಕಂಬವೋ ಬೋರ್ಡೋ ಸರಿದಿದೆ ಎಂದು ಅರ್ಥ, ಮೊದಲು ಅದನ್ನು ಸರಿಪಡಿಸಿ. ಬಿಂದುವಿನಿಂದ 1.25 ಮೀಟರ್ ದಾರ ಹಿಡಿದು ಅಂಕಣದ ಒಳಮುಖಕ್ಕೆ ಅರ್ಧವೃತ್ತ ಎಳೆಯಿರಿ, ಅದು ಗೆರೆಯ ಒಳ ಅಂಚು. ಗೆರೆಯ ಅಗಲ 5 ಸೆಂಟಿಮೀಟರ್, ಬಣ್ಣ ಹೊರಗಡೆಗೆ ಬರಲಿ. ಎರಡೂ ತುದಿಯಿಂದ ಎಂಡ್‌ಲೈನ್ ಕಡೆಗೆ 37.5 ಸೆಂಟಿಮೀಟರ್ ಉದ್ದದ ನೇರ ಗೆರೆ ಎಳೆದರೆ ಅವು ಎಂಡ್‌ಲೈನ್‌ಗೆ 1.20 ಮೀಟರ್ ದೂರದಲ್ಲಿ ನಿಲ್ಲುತ್ತವೆ.